ಸಂಜೆ ಗಣಿತ ತರಗತಿಗೆ ನಿಮ್ಮ ದೇಣಿಗೆ ಬೇಕಾಗಿದೆ

ಆತ್ಮೀಯರೇ, ಶರಣು ಶರಣಾರ್ಥಿ.

ತೊಗರಿ ರಾಶಿ ಮುಗಿಯುತ್ತಲೇ ಸೇಡಂ ತಾಲ್ಲೂಕಿನ ನಮ್ಮೂರಿಂದ ಎಷ್ಟೋ ಮನೆಯವರು ಮುಂಬೈ, ಪುಣೆ ಕಡೆ ದುಡಿಯಲು ಹೋಗುತ್ತಾರೆ. ಮಕ್ಕಳೂ ಜೊತೆಗೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ ಮರಳಿದವರು ಉಳಿದ ವಿಷಯ ಹೇಗೋ ಓದಿಕೊಳ್ಳುತ್ತಾರೆ. ಗಣಿತ ಮಾತ್ರ ಕೈತಪ್ಪಿರುತ್ತದೆ. ಇಂಥ ಮಕ್ಕಳಿಗಾಗಿ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯಲ್ಲೇ ಸಂಜೆ ತರಗತಿ ನಡೆಸುತ್ತಿದ್ದೇವೆ.

ಓದು ನಡುವೆ ನಿಂತ ಹುಡುಗನ ಪಕ್ಕ ಒಬ್ಬರು ಕೂತರೆ ಏನಾಗುತ್ತದೆ? ಫ್ರಾನ್ಸಿನ ಗಣಿತಜ್ಞ ಮಿಷೆಲ್ ತಲಗ್ರಾಂ ಅವರನ್ನೇ ನೋಡಿ. ಐದನೇ ವಯಸ್ಸಿಗೆ ಬಲಗಣ್ಣು ಹೋಯಿತು. ಹದಿನೈದಕ್ಕೆ ಎಡಗಣ್ಣಿನ ರೆಟಿನಾ ಕಳಚಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ತಿಂಗಳೊಪ್ಪತ್ತು ಆಸ್ಪತ್ರೆಯಲ್ಲಿದ್ದರು. ಆರು ತಿಂಗಳು ಶಾಲೆ ತಪ್ಪಿತು. ಗಣಿತ ಮೇಷ್ಟ್ರಾಗಿದ್ದ ತಂದೆ ದಿನಾ ಬಂದು ಮಗನಿಗೆ ಗಣಿತ ಹೇಳಿಕೊಟ್ಟರು. ಆ ಹುಡುಗ 1974ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸೇರಿ, ಗಣಿತದ ಶಾಖೆಗಳಾದ ವಿಶ್ಲೇಷಣೆ, ರೇಖಾಗಣಿತ, ಸಂಭವನೀಯತೆ ಮೂರನ್ನೂ ಬೆಸೆದು ದುಡಿದರು. ನಾಣ್ಯ ಒಮ್ಮೆ ಚಿಮ್ಮಿದರೆ ಏನು ಬೀಳುತ್ತದೋ ಹೇಳಲಾಗದು. ಸಾವಿರ ಸಲ ಚಿಮ್ಮಿದರೆ ಶಿರ ಬೀಳುವುದು 450ರಿಂದ 550ರೊಳಗೇ ಎಂದು ಹೆಚ್ಚುಕಡಿಮೆ ಖಾತ್ರಿಯಾಗಿ ಹೇಳಬಹುದು. ಇಷ್ಟು ಮೊದಲೇ ಗೊತ್ತಿತ್ತು. ಇದಕ್ಕಿಂತ ಎಷ್ಟೋ ಜಟಿಲವಾದ ಆಕಸ್ಮಿಕಗಳು ಕೂಡಿದಾಗಲೂ ಫಲಿತಾಂಶ ಎಷ್ಟರಮಟ್ಟಿಗೆ ಸರಾಸರಿಯ ಆಸುಪಾಸು ನಿಲ್ಲುತ್ತದೆ ಎಂಬುದನ್ನು ಕರಾರುವಾಕ್ಕಾಗಿ ಅಳೆಯುವ ದಾರಿ ತೋರಿದವರು ಇವರು. 2024ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಅಬೆಲ್ ಪ್ರಶಸ್ತಿ ಬಂತು.

ನಮ್ಮ ನೆಲಕ್ಕೂ ಗಣಿತ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ ಗಣಿತ ಗ್ರಂಥ ಬರೆದ ಮಹಾವೀರಾಚಾರ್ಯರು ಕೊಂಡಾಡಿದ ದೊರೆ ಅಮೋಘವರ್ಷ, ಆತನ ರಾಜಧಾನಿ ಇದೇ ತಾಲ್ಲೂಕಿನ ಮಳಖೇಡ.

ತರಗತಿಯಲ್ಲಿ ಕಂಪಾಸ್ ಬಾಕ್ಸ್ ಸಾಲದು. ಟೀಚರ್ ಚಾಕ್‌ಪೀಸಿಗೆ ದಾರ ಕಟ್ಟಿ ಶಹಾಬಾದಿ ಪರಸಿಯ ಮೇಲೆ ವೃತ್ತ ಎಳೆದು, ಹೊರಗಿನ ಬಿಂದುವಿನಿಂದ ವೃತ್ತವನ್ನು ಮುಟ್ಟುವ ಎರಡು ಗೆರೆ, ಅಂದರೆ ಸ್ಪರ್ಶಕ ಹಾಕುತ್ತಾರೆ. ಮಕ್ಕಳು ಬಗ್ಗಿ ಅದೇ ದಾರದಿಂದ ಅಳೆದು, "ಎರಡೂ ಸಮಾನೇ ಅವ ನೋಡ್ರಿ ಟೀಚರ್!" ಎಂದು ಕೂಗುತ್ತಾರೆ. ಆ ದನಿ ಕೇಳಿದವರು ಈ ತರಗತಿ ನಿಲ್ಲಲು ಬಿಡಲಾರರು.

ಪಾಠ ಹೇಳುವವರ ಗೌರವಧನ, ಕಂಪಾಸ್ ಬಾಕ್ಸ್, ನೋಟ್‌ಬುಕ್, ಮಕ್ಕಳ ಸಂಜೆಯ ಉಪ್ಪಿಟ್ಟು ಚಹಾ: ಖರ್ಚು ಇಷ್ಟೇ. ನೂರು ರೂಪಾಯಿಯೂ ನಮಗೆ ದೊಡ್ಡದು. ದೇಣಿಗೆಯನ್ನು ಶಾಲೆಯ ಹೆಡ್‌ಮಾಸ್ತರರ ಬಳಿ ಕೊಟ್ಟು ರಸೀದಿ ಪಡೆಯಿರಿ. ಲೆಕ್ಕವನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ಗಣಿತ ಓದಿದವರು ಊರಿಗೆ ಬಂದಾಗ ಒಂದು ಸಂಜೆ ಪಾಠ ಮಾಡಿದರೂ ಅದು ದಾಸೋಹವೇ. ಈ ಸಲ ರಾಶಿ ಶುರುವಾಗುವ ಮುನ್ನವೇ ಹಣ ಕೂಡಿದರೆ, ಗುಳೆ ಹೋಗುವ ಮಕ್ಕಳ ಕೈಗೆ ಪುಸ್ತಕ, ಬಾಕ್ಸ್ ಕೊಟ್ಟು ಕಳಿಸಬಹುದು.

ಹಳೆಯ ವಿದ್ಯಾರ್ಥಿಗಳ ಪರವಾಗಿ