ಲಿಪೊ ಬ್ಯಾಟರಿ ಜೊತೆ ಕನ್ನಡ ಚೀಟಿಯೂ ಇರಲಿ

ಸಂಪಾದಕರೇ,

ಮಗಳೂ ನಾನೂ ಸೇರಿ ಮೂರು ತಿಂಗಳು ಕೂತು ಒಂದು ಕ್ವಾಡ್‌ಕಾಪ್ಟರ್, ಅಂದರೆ ನಾಲ್ಕು ಪ್ರೊಪೆಲ್ಲರಿನ ಡ್ರೋನ್, ಕಟ್ಟಿದೆವು. 450 ಮಿ.ಮೀ. ಫ್ರೇಮ್, ನಾಲ್ಕು ಮೋಟರ್. ಕೊಯ್ಲಾದ ರಾಗಿ ಹೊಲದಲ್ಲಿ ಮೊದಲ ಹಾರಾಟ. ಆಳೆತ್ತರ ಏರಿತು. ಥ್ರಾಟಲ್ ಜಾಸ್ತಿ ಮಾಡಿದ್ದೇ ತಡ, ಮೋಟರ್ ಸದ್ದು ಕುಗ್ಗಿ ದಬಕ್ಕನೆ ಬಿತ್ತು. ಒಂದು ಪ್ರೊಪೆಲ್ಲರ್ ಮುರಿಯಿತು. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಮುಟ್ಟಿದರೆ ಕೈ ಸುಡುತ್ತಿತ್ತು, ಇಡ್ಲಿಯ ಹಾಗೆ ಉಬ್ಬಿತ್ತು. ಮಗಳ ಮುಖ ನೋಡಲಾಗಲಿಲ್ಲ.

ನಮ್ಮ ನಾಲ್ಕೂ ಮೋಟರ್ ಜೋರಾಗಿ ತಿರುಗಿದರೆ ಸುಮಾರು 50 ಆಂಪಿಯರ್ ಎಳೆಯುತ್ತವೆ. ಅಂಗಡಿಯಲ್ಲಿ ಕೊಟ್ಟ 2200 ಎಂಎಎಚ್ (2.2 ಆಂಪಿಯರ್-ಗಂಟೆ) ಬ್ಯಾಟರಿ 10ಸಿ. ಸಿ ಅಂದರೆ ಬ್ಯಾಟರಿ ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿ; 2.2ರ ಹತ್ತು ಪಟ್ಟು 22 ಆಂಪಿಯರ್ ಅಷ್ಟೇ. ಅದೇ 30ಸಿ ಆಗಿದ್ದರೆ 66 ಸಿಗುತ್ತಿತ್ತು. ಕೇಳಿದ್ದಕ್ಕೆ ‘ಎಲ್ಲಾ ಒಂದೇ, ತಗೊಳ್ಳಿ’ ಅಂದಿದ್ದರು.

ಉಬ್ಬಿದ ಲಿಪೊಗೆ ಬೆಂಕಿ ಹತ್ತಬಹುದು. ಮಕ್ಕಳು ಇದನ್ನು ಹಾಸಿಗೆ ಪಕ್ಕದಲ್ಲೇ ಚಾರ್ಜಿಗೆ ಹಾಕಿ ಮಲಗುತ್ತಾರೆ ಅಲ್ವಾ? ಸಿ ಲೆಕ್ಕ ಹೇಗೆ, ಚಾರ್ಜ್ ಮಾಡುವಾಗ ಬ್ಯಾಟರಿಯೊಳಗಿನ ಒಂದೊಂದು ಸೆಲ್ಲಿಗೆ 4.2 ವೋಲ್ಟ್ ಮೀರಬಾರದು, ಹಾರಿಸುವಾಗ 3.5ರ ಕೆಳಗೆ ಇಳಿಸಬಾರದು, ಸುಮ್ನೆ ಇಡುವಾಗ 3.8ರಲ್ಲಿರಲಿ. ಮಾರುವವರು ಇಷ್ಟನ್ನು ಒಂದು ಕನ್ನಡ ಚೀಟಿಯಲ್ಲಿ ಬರೆದು ಬ್ಯಾಟರಿ ಜೊತೆಗೇ ಕೊಡಲಿ.

– ಓದುಗ, ತಿಪಟೂರು