ಹರೆಯದ ಓದುಗರಿಗೂ ಹೊಸ ಕಾದಂಬರಿಗಳ ಮುನ್ಸೂಚನೆ ಸಿಗಲಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಹೊಸ ಪುಸ್ತಕಗಳ ಪರಿಚಯ ಬರುತ್ತಿದ್ದರೂ, ಹೈಸ್ಕೂಲು ಮತ್ತು ಪಿಯುಸಿ ವಯಸ್ಸಿನವರು ಓದಬಹುದಾದ ಯಾವ ಕನ್ನಡ ಕಾದಂಬರಿಗಳು ಮುಂದೆ ಬರಲಿವೆ ಎಂಬುದು ಅಲ್ಲಿ ಕಾಣುವುದಿಲ್ಲ. ಇಂಗ್ಲಿಷ್ ಓದುವ ಮಕ್ಕಳು ಬರಲಿರುವ ಕಾದಂಬರಿಯ ಮುಖಪುಟವನ್ನೂ ಬಿಡುಗಡೆಯ ದಿನಾಂಕವನ್ನೂ ತಿಂಗಳುಗಳ ಮೊದಲೇ ತಿಳಿದು ಕಾಯುತ್ತಾರೆ. ಕನ್ನಡದ ಮಕ್ಕಳಿಗೆ ಆ ಕಾಯುವ ಸುಖವೇ ಇಲ್ಲ.

ಓದುಗರನ್ನು ಮೊದಲೇ ಕೂಡಿಸಿಕೊಂಡು ಪುಸ್ತಕ ತರುವುದು ಧಾರವಾಡಕ್ಕೆ ಹೊಸದೇನಲ್ಲ. 1933ರಲ್ಲಿ ಆರಂಭವಾದ ಇಲ್ಲಿಯ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿಯೇ ಬೆಳೆದ ಸಂಸ್ಥೆ. ಅಂಥ ಚಂದಾ ಪದ್ಧತಿಯನ್ನು ನಮ್ಮ ಪ್ರಕಾಶಕರು ಹರೆಯದವರಿಗಾಗಿ ಏಕೆ ಆರಂಭಿಸಬಾರದು? ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವು 2010ರಿಂದ ಕನ್ನಡಕ್ಕೂ ಸಲ್ಲುತ್ತಿದೆ, ನಿಜ. ಆದರೆ ಅದು 9ರಿಂದ 16 ವರ್ಷದವರ ಪುಸ್ತಕಗಳಿಗೆ ಮೀಸಲು. ಪಿಯುಸಿಯ ಹಲವು ಹುಡುಗ ಹುಡುಗಿಯರು ಅಲ್ಲಿಂದಲೂ ಹೊರಗುಳಿಯುತ್ತಾರೆ.

ನಮ್ಮ ಧಾರವಾಡದ ಸಪ್ತಾಪುರ ಬಡಾವಣೆಯ ಕೋಚಿಂಗ್ ಕೇಂದ್ರಗಳ ಸುತ್ತ ಬಾಡಿಗೆ ಕೋಣೆಗಳಲ್ಲಿ ಮನೆಯಿಂದ ದೂರವಿದ್ದು ಓದುವ ಯುವಜನರ ಒಂಟಿತನ, ಸ್ನೇಹ, ಮೊದಲ ಒಲವು, ಫಲಿತಾಂಶದ ಭಯ ಇವೆಲ್ಲ ಕಾದಂಬರಿಗೆ ಒದಗುವ ವಸ್ತುಗಳೇ ಆಗಿವೆ. (ಉಪದೇಶವನ್ನು ಮಾತ್ರ ಲೇಖಕರು ದಯವಿಟ್ಟು ಕೈಬಿಡಬೇಕು.)

ಆದ್ದರಿಂದ ಅಚ್ಚಿನಲ್ಲಿರುವ ಇಂಥ ಕಾದಂಬರಿಗಳ ವಿವರವನ್ನು ಪ್ರಕಾಶಕರಿಂದ ತರಿಸಿಕೊಂಡು, ಬೆಲೆ ಹಾಗೂ ಆಯ್ದ ಒಂದು ಪುಟದೊಂದಿಗೆ ತಿಂಗಳಿಗೊಮ್ಮೆ ಪ್ರಕಟಿಸಬೇಕೆಂದು, ವಿಮರ್ಶೆ ಬರೆಯಲು ವಿದ್ಯಾರ್ಥಿಗಳನ್ನೇ ಆಹ್ವಾನಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಧಾರವಾಡ