ಬುರುಡೆ ಒಡೆದಿಲ್ಲ ಅಂದರೆ ಪಾರಾದಂತಲ್ಲ

ಮಾನ್ಯ ಸಂಪಾದಕರೇ,

ಕ್ಯಾಜುವಾಲ್ಟಿಯಲ್ಲಿ ಬಹಳ ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ತೆಂಗಿನ ಮರದಿಂದ ಬಿದ್ದವರು, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು ನಮ್ಮ ಕಡೆ ಜಾಸ್ತಿ. ಜೊತೆಗೆ ಬಂದವರು ಮೊದಲು ಕೇಳುವುದು ಒಂದೇ ಮಾತು: ‘ಸಿಸ್ಟರ್, ಬುರುಡೆ ಒಡೆದಿದೆಯಾ?’ ಇಲ್ಲ ಅಂದರೆ ಮನೆಗೆ ಕರೆದುಕೊಂಡು ಹೋಗಲು ಅವಸರ ಮಾಡುತ್ತಾರೆ. ಈ ಲೆಕ್ಕವೇ ಸರಿಯಲ್ಲ.

ಒಬ್ಬ ಹೆಂಗಸು ನೆನಪಾಗುತ್ತಾರೆ. ಬೈಕಿನ ಹಿಂದೆ ಒಂದು ಬದಿಗೆ ಕೂತಿದ್ದರು, ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದರು. ಹೆಲ್ಮೆಟ್ ಇರಲಿಲ್ಲ. ಸ್ಕ್ಯಾನಿನಲ್ಲಿ ಮೂಳೆಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಆದರೂ ಅವರಿಗೆ ಎಚ್ಚರ ಬರಲೇ ಇಲ್ಲ. ತಲೆ ತಿರುಚಿದ ರಭಸಕ್ಕೆ ಮೆದುಳಿನೊಳಗಿನ ನರದ ಎಳೆಗಳೇ ಹರಿದಿದ್ದವು. ಇನ್ನೊಬ್ಬ ಹುಡುಗನಿಗೆ ಕಿವಿಯ ಮೇಲ್ಭಾಗದಲ್ಲಿ ಬುರುಡೆ ಬಿರುಕು ಬಿಟ್ಟಿತ್ತು. ಚೆನ್ನಾಗೇ ಮಾತಾಡುತ್ತಿದ್ದ, ಕಾಫಿ ಬೇಕು ಅಂದ (ಕೊಡಬಾರದು, ಕೊಡಲಿಲ್ಲ). ಆಮೇಲೆ ತೂಕಡಿಕೆ, ವಾಂತಿ. ನೋಡನೋಡುತ್ತಲೇ ಒಂದು ಕಣ್ಣಿನ ಪಾಪೆ ದೊಡ್ಡದಾಯಿತು. ಬಿರುಕಿನ ಕೆಳಗೆ ರಕ್ತನಾಳ ಹರಿದು, ಬುರುಡೆಗೂ ಮೆದುಳಿನ ಪೊರೆಗೂ ನಡುವೆ ರಕ್ತ ಕಟ್ಟುತ್ತಿತ್ತು. ಬೇಗ ಆಪರೇಷನ್ ಆಯಿತು, ಬದುಕಿಕೊಂಡ. ಈಗ ಅಂಗಡಿ ಇಟ್ಟಿದ್ದಾನೆ.

ಹಾಗಂತ ಬಿರುಕು ಸಣ್ಣ ವಿಷಯ ಅಂತಲ್ಲ. ಬುರುಡೆ ಒಡೆದಿದ್ದರೆ ಒಳಗೆ ರಕ್ತ ಕಟ್ಟುವ ಭಯ ಜಾಸ್ತಿ. ಬುಡದ ಮೂಳೆ ಒಡೆದರೆ ಕಣ್ಣಿನ ಸುತ್ತ, ಕಿವಿಯ ಹಿಂದೆ ಕಪ್ಪಗಾಗಬಹುದು. ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥದ್ದು ಸೋರಬಹುದು. ಅಲ್ಲಿಗೆ ಹತ್ತಿ ತುರುಕಬೇಡಿ. ಆದರೆ ಎಕ್ಸ್‌ರೇ ಮೂಳೆ ತೋರಿಸುತ್ತದೆಯೇ ಹೊರತು ಒಳಗಿನ ರಕ್ತವನ್ನಲ್ಲ. ಅದಕ್ಕೆ ಸಿ.ಟಿ. ಸ್ಕ್ಯಾನೇ ಬೇಕು.

ರೋಗಿ ಮುಂದೆ ಹೇಗಾಗುತ್ತಾನೆ ಅನ್ನೋದನ್ನು ಮೂಳೆಗಿಂತ ಅವನ ಎಚ್ಚರವೇ ಚೆನ್ನಾಗಿ ಹೇಳುತ್ತದೆ. 1974ರಲ್ಲಿ ಗ್ಲಾಸ್ಗೊದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಕೊಟ್ಟ ಅಳತೆಯೇ ಇವತ್ತಿಗೂ ನಡೆಯುತ್ತಿದೆ. ಕಣ್ಣು ತೆರೆಯುತ್ತಾನಾ, ಮಾತಾಡುತ್ತಾನಾ, ಕೈಕಾಲು ಆಡಿಸುತ್ತಾನಾ ಅಂತ ನೋಡಿ ಅಂಕ ಹಾಕುತ್ತಾರೆ. ಪೂರ್ತಿ ಎಚ್ಚರವಿದ್ದರೆ 15. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟು ತೀವ್ರ. ವಯಸ್ಸು, ಕಣ್ಣಿನ ಪಾಪೆ, ದಾರಿಯಲ್ಲಿ ಬಿ.ಪಿ.ಯೋ ಆಕ್ಸಿಜನ್ನೋ ಇಳಿಯಿತಾ ಎಂಬುದೂ ಸೇರುತ್ತವೆ. ಕುಡಿದವನಾದರೆ ‘ಸುಮ್ನೆ ಮಲಗಲಿ ಬಿಡಿ’ ಅಂತಾರಲ್ಲ, ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಪೆಟ್ಟು ಬಿದ್ದವನು ಗೊರಕೆ ಹೊಡೆದರೆ ಅದು ನಿದ್ದೆಯಲ್ಲ, ಉಸಿರಿನ ದಾರಿ ಕಟ್ಟುತ್ತಿದೆ ಅಂತ ತಿಳಿಯಬೇಕು.

ನಮ್ಮೂರಿನಿಂದ ಬೆಂಗಳೂರಿನ ನಿಮ್ಹಾನ್ಸ್ ಸುಮಾರು 140 ಕಿ.ಮೀ. ಇಷ್ಟು ದೂರ ಹೋಗುವವನ ಕೈಗೆ ಕೊಡುವ ಚೀಟಿಯಲ್ಲಿ ಎಷ್ಟೋ ಸಲ ‘ಹೆಡ್ ಇಂಜುರಿ, ರೆಫರ್ಡ್’ ಅಂತ ಮಾತ್ರ ಇರುತ್ತದೆ. ಹೊರಟಾಗ ಅಂಕ 13 ಇದ್ದದ್ದು ತಲುಪುವಾಗ 7 ಆಗಿದೆ ಅಂತ ಅಲ್ಲಿನವರಿಗೆ ಹೇಗೆ ಗೊತ್ತಾಗಬೇಕು? ಗಂಟೆ, ಅಂಕ, ಎರಡೂ ಕಣ್ಣಿನ ಪಾಪೆ, ಬಿ.ಪಿ. ಇವಕ್ಕೆ ಆರೋಗ್ಯ ಇಲಾಖೆ ರೆಫರಲ್ ಚೀಟಿಯಲ್ಲೇ ಖಾನೆ ಅಚ್ಚು ಹಾಕಿಸಲಿ. ತುಂಬದ ಚೀಟಿಗೆ ಡ್ಯೂಟಿ ಡಾಕ್ಟರು ಸಹಿ ಹಾಕಬಾರದು ಅಂತ ಆದೇಶವನ್ನೂ ಹೊರಡಿಸಲಿ.

– ನಿವೃತ್ತ ಶುಶ್ರೂಷಕಿ, ತಿಪಟೂರು